ಪಿಸಿಓಡಿ ಇದ್ದರೆ ಐರನ್ ಮಾತ್ರೆ ಬೇಕೇ ಬೇಕಾ?

ಮುಟ್ಟು ಸರಿಯಾಗಿ ಆಗದ ಹುಡುಗಿ ಸುಸ್ತು ಅಂದರೆ ಸಾಕು, ಮನೆಯವರೆಲ್ಲ ಸೇರಿ "ರಕ್ತ ಕಡಿಮೆ ಇದೆ" ಅಂತ ತೀರ್ಮಾನ ಮಾಡಿಬಿಡುತ್ತಾರೆ. ಬಸವನಗುಡಿಯ ನಮ್ಮ ಮನೆಯಲ್ಲೂ ಹಾಗೇ. ನುಗ್ಗೆಸೊಪ್ಪಿನ ಪಲ್ಯ ಮಾಡಿ ಬಡಿಸಲಿ, ಖುಷಿಯಾಗಿ ತಿನ್ನೋಣ. ಆದರೆ ಮೆಡಿಕಲ್ ಶಾಪಿನಿಂದ ಐರನ್ ಮಾತ್ರೆ ತಂದು ಪರೀಕ್ಷೆಯೇ ಇಲ್ಲದೆ ತಿಂಗಳುಗಟ್ಟಲೆ ನುಂಗಿಸುವುದು ಸರಿಯಲ್ಲ.

ನನ್ನ ತಂಗಿಗೆ ಪಿಸಿಓಡಿ, ಅಂದರೆ ಹಾರ್ಮೋನು ಏರುಪೇರಾಗಿ ಅಂಡಾಶಯದ ಕೆಲಸ ಕೆಡುವ, ಮುಟ್ಟು ಏರುಪೇರಾಗುವ ತೊಂದರೆ. ಅವಳ ರಿಪೋರ್ಟಿನಲ್ಲಿ ಹಿಮೋಗ್ಲೋಬಿನ್ ಚೆನ್ನಾಗಿಯೇ ಇತ್ತು, ಅದರ ಕೆಳಗೆ ಫೆರಿಟಿನ್ ಸಾಲು ಮಾತ್ರ ದಪ್ಪ ಅಕ್ಷರದಲ್ಲಿತ್ತು, ಪಕ್ಕದಲ್ಲಿ 'ಹೆಚ್ಚು' ಅನ್ನುವ ಗುರುತು. ಫೆರಿಟಿನ್ ಅಂದರೆ ದೇಹ ಕೂಡಿಟ್ಟುಕೊಂಡ ಕಬ್ಬಿಣದ ಲೆಕ್ಕ. ಮುಟ್ಟು ಅಪರೂಪವಾದರೆ ರಕ್ತದ ಜೊತೆ ಹೊರಗೆ ಹೋಗಬೇಕಾದ ಕಬ್ಬಿಣ ಒಳಗೇ ಉಳಿಯುತ್ತದೆ, ಅಲ್ವಾ? ಪಿಸಿಓಡಿ ಇರುವವರಲ್ಲಿ ಫೆರಿಟಿನ್ ಜಾಸ್ತಿ ಇರುವುದನ್ನು ಹಲವು ಅಧ್ಯಯನಗಳು ಕಂಡಿವೆ.

ಜಾಸ್ತಿಯಾದರೆ ಏನು ತೊಂದರೆ? ಇಲ್ಲೇ ಫೆರಾಪ್ಟೋಸಿಸ್, ಅಂದರೆ ಕಬ್ಬಿಣದಿಂದಾಗುವ ಒಂದು ಬಗೆಯ ಜೀವಕೋಶದ ಸಾವು, ಬರುತ್ತದೆ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಬ್ರೆಂಟ್ ಸ್ಟಾಕ್‌ವೆಲ್ ತಂಡ 2012ರಲ್ಲಿ ಈ ಹೆಸರಿಟ್ಟಿತು. ಜೀವಕೋಶದೊಳಗೆ ಬಿಡಿಯಾಗಿ ಓಡಾಡುವ ಕಬ್ಬಿಣ ಅದರ ಪೊರೆಯಲ್ಲಿರುವ ಕೊಬ್ಬನ್ನು ಕೆಡಿಸುತ್ತದೆ, ಹಳೇ ಎಣ್ಣೆ ಕಮಟು ಹಿಡಿಯುವ ಹಾಗೆ. ಜಿಪಿಎಕ್ಸ್4 ಅನ್ನುವ ಕಿಣ್ವ ಗ್ಲುಟಾಥಿಯೋನ್ ಅನ್ನುವ ರಕ್ಷಕ ವಸ್ತುವನ್ನು ಬಳಸಿಕೊಂಡು ಇದನ್ನು ತಡೆಯುತ್ತಿರುತ್ತದೆ. ಗ್ಲುಟಾಥಿಯೋನ್ ಖಾಲಿಯಾದರೆ ತಡೆಯುವವರಿಲ್ಲ, ಪೊರೆ ಹರಿದು ಕೋಶ ಸಾಯುತ್ತದೆ.

ಅಂಡಾಶಯದಲ್ಲಿ ಮೊಟ್ಟೆಯನ್ನು ಸುತ್ತುವರಿದು ಪೋಷಿಸುವ ಗ್ರಾನುಲೋಸಾ ಕೋಶಗಳಿವೆ. ಆಂಡ್ರೋಜನ್ ಅನ್ನುವ ಗಂಡು ಹಾರ್ಮೋನನ್ನು ಈಸ್ಟ್ರೋಜನ್ ಅನ್ನುವ ಹೆಣ್ಣು ಹಾರ್ಮೋನಾಗಿ ಮಾಡುವುದೂ ಅವುಗಳ ಕೆಲಸವೇ. ಅವು ಸತ್ತರೆ ಮೊಟ್ಟೆ ಬಲಿಯುವುದು ಕಷ್ಟ. ಪಿಸಿಓಡಿ ಬರಿಸಿದ ಇಲಿಗಳಲ್ಲಿ, ಲ್ಯಾಬಿನಲ್ಲಿ ಬೆಳೆಸಿದ ಕೋಶಗಳಲ್ಲಿ ಈ ಬಗೆಯ ಸಾವಿನ ಗುರುತುಗಳು ಸಿಕ್ಕಿವೆ. ಆದರೆ ಪಿಸಿಓಡಿಗೆ ಇದೊಂದೇ ಕಾರಣ ಅಂತ ಯಾರೂ ಸಾಬೀತು ಮಾಡಿಲ್ಲ. ಇದನ್ನೇ ಹೇಳಿಕೊಂಡು ಯಾರಾದರೂ ಆಂಟಿಆಕ್ಸಿಡೆಂಟ್ ಡಬ್ಬಿ ಮಾರಲು ಬಂದರೆ ದಯವಿಟ್ಟು ದುಡ್ಡು ಹಾಕಬೇಡಿ.

ಇದನ್ನು ಓದಿ ಡಾಕ್ಟರ್ ಬರೆದುಕೊಟ್ಟ ಮಾತ್ರೆಯನ್ನು ನೀವೇ ನಿಲ್ಲಿಸಲೂಬೇಡಿ. ಪಿಸಿಓಡಿಯಲ್ಲಿ ತಿಂಗಳುಗಳ ನಂತರ ಮುಟ್ಟಾದಾಗ ಕೆಲವರಿಗೆ ವಾರ ಕಳೆದರೂ ರಕ್ತ ನಿಲ್ಲುವುದಿಲ್ಲ, ಅವರಿಗೆ ನಿಜವಾಗಿಯೂ ಕಬ್ಬಿಣ ಬೇಕಾಗಬಹುದು. ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 57 ಮಂದಿಗೆ ರಕ್ತಹೀನತೆ ಇದೆ ಅಂತ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಹಾಗಾಗಿ ಸಿಬಿಸಿ (ರಕ್ತಕಣಗಳ ಎಣಿಕೆ) ಜೊತೆ ಫೆರಿಟಿನ್ ಕೂಡ ಮಾಡಿಸಬೇಕಾ ಅಂತ ಕೇಳಿ. ಉರಿಯೂತ ಇದ್ದರೂ ಫೆರಿಟಿನ್ ಏರುತ್ತದೆ, ಅದಕ್ಕೆ ಸಿಆರ್‌ಪಿ (ಉರಿಯೂತ ತೋರಿಸುವ ರಕ್ತಪರೀಕ್ಷೆ) ಬಗ್ಗೆಯೂ ಅದೇ ಸಲ ಡಾಕ್ಟರನ್ನು ಕೇಳಿಬಿಡಿ.