ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್: ಬೂಟ್ ಎಲ್ಲಿ ನಿಂತಿದೆ ಎಂಬುದನ್ನು ಮೊದಲು ನೋಡಿ

ವಿಂಡೋಸಿನ ಬದಲು ಬಳಸಬಹುದಾದ ಲಿನಕ್ಸ್ ವ್ಯವಸ್ಥೆಯನ್ನು ಹಾಕಿದ ಮೇಲೆ ಹಳೆಯ ಲ್ಯಾಪ್‌ಟಾಪ್ ಬೂಟ್ ಆಗದೆ, ಅಂದರೆ ಚಾಲೂ ಆಗದೆ ನಿಂತರೆ ಹೆಚ್ಚಿನವರು ಮೊದಲು ಮಾಡುವುದು ಅದನ್ನೇ ಮತ್ತೊಮ್ಮೆ ಇನ್‌ಸ್ಟಾಲ್ ಮಾಡುವ ಕೆಲಸ. ಅದೂ ಫಲಿಸದಿದ್ದರೆ ಉಬುಂಟು ಬಿಟ್ಟು ಮಿಂಟ್, ಮಿಂಟ್ ಬಿಟ್ಟು ಡೆಬಿಯನ್ ಎಂದು ಲಿನಕ್ಸಿನ ಬಗೆಗಳನ್ನು ಒಂದೊಂದಾಗಿ ಹಾಕಿ ನೋಡಿ, ಕೊನೆಗೆ ಯಂತ್ರವೇ ಕೆಟ್ಟಿದೆ ಎಂದು ತೀರ್ಮಾನಿಸಿ ಗುಜರಿಯವನಿಗೆ ಕೊಟ್ಟುಬಿಡುತ್ತಾರೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದ ಮೇಲೆ ಮುಂಬಯಿಯ ನಮ್ಮ ಕನ್ನಡಿಗರ ಬಳಗದಲ್ಲಿ ಇಂಥ ಲ್ಯಾಪ್‌ಟಾಪುಗಳು ನನ್ನ ಮೇಜಿಗೆ ಹೆಚ್ಚಾಗಿ ಬರತೊಡಗಿವೆ. ಅವುಗಳಲ್ಲಿ ಬಹುಪಾಲು ಯಂತ್ರಗಳು ಕೆಟ್ಟಿರಲಿಲ್ಲ. ಬೂಟ್ ಯಾವ ಹಂತದಲ್ಲಿ ನಿಂತಿದೆ ಎಂಬುದನ್ನು ಯಾರೂ ನೋಡಿರಲಿಲ್ಲ, ಅಷ್ಟೇ.

ಬೂಟ್ ಎನ್ನುವುದು ಒಂದೇ ಕ್ರಿಯೆಯಲ್ಲ. ಗುಂಡಿ ಒತ್ತಿದಾಗ ಮೊದಲು ಓಡುವುದು ಮದರ್‌ಬೋರ್ಡಿನಲ್ಲಿರುವ ಫರ್ಮ್‌ವೇರ್, ಅಂದರೆ ಹಳೆಯ ಬಯೋಸ್ ಅಥವಾ ಅದರ ನಂತರ ಬಂದ ಯುಇಎಫ್ಐ. ಅದು ಡಿಸ್ಕಿನಲ್ಲಿ ಬೂಟ್‌ಲೋಡರನ್ನು ಹುಡುಕಿ ಕೆಲಸವನ್ನು ಅದಕ್ಕೆ ಒಪ್ಪಿಸುತ್ತದೆ. ಲಿನಕ್ಸಿನಲ್ಲಿ ಸಾಮಾನ್ಯವಾಗಿ ಗ್ರಬ್ ಆಗಿರುವ ಆ ಬೂಟ್‌ಲೋಡರ್, ಲಿನಕ್ಸಿನ ತಿರುಳಾದ ಕರ್ನಲ್ಲನ್ನೂ ಇನಿಟ್‌ರಾಮ್‌ಎಫ್ಎಸ್ ಎಂಬ ಪುಟ್ಟ ತಾತ್ಕಾಲಿಕ ವ್ಯವಸ್ಥೆಯನ್ನೂ ಮೆಮೊರಿಗೆ ತರುತ್ತದೆ. ಅವೆರಡೂ ಸೇರಿ ಡಿಸ್ಕಿನಲ್ಲಿ ಲಿನಕ್ಸ್ ಇರುವ ಭಾಗವನ್ನು, ಅಂದರೆ ನಿಜವಾದ ರೂಟ್ ಪಾರ್ಟಿಶನ್ನನ್ನು ಹುಡುಕಿ ಮೌಂಟ್ ಮಾಡಿದ (ಬಳಕೆಗೆ ಜೋಡಿಸಿದ) ಮೇಲೆ ಉಳಿದ ಸೇವೆಗಳು ಶುರುವಾಗಿ ಲಾಗಿನ್ ಪರದೆ ಬರುತ್ತದೆ. ಕರ್ಜತಿನಿಂದ ಹೊರಟ ಲೋಕಲ್ ರೈಲು ಮುಂಬಯಿಯ ಸಿಎಸ್ಎಂಟಿ ನಿಲ್ದಾಣಕ್ಕೆ ಬಾರದಿದ್ದರೆ ಅದು ಯಾವ ಸ್ಟೇಷನ್ ದಾಟಿದೆ, ಯಾವುದನ್ನು ದಾಟಿಲ್ಲ ಎಂದು ಕೇಳುತ್ತೇವೆಯೇ ಹೊರತು ಹಳಿಗಳನ್ನೆಲ್ಲ ಕಿತ್ತು ಹೊಸದಾಗಿ ಹಾಸಲು ಹೊರಡುವುದಿಲ್ಲ. ಪರದೆಯ ಮೇಲೆ ಕೊನೆಗೆ ಕಾಣುವ ಸಾಲು ನಮಗೆ ಆ ಸ್ಟೇಷನ್ನಿನ ಹೆಸರನ್ನು ಹೇಳುತ್ತದೆ. ಆದ್ದರಿಂದ ಅದನ್ನು ಅಳಿಸಿಹಾಕುವ ಮೊದಲು ಮೊಬೈಲಿನಲ್ಲಿ ಒಂದು ಚಿತ್ರ ತೆಗೆದಿಟ್ಟುಕೊಳ್ಳಿ ಎಂದು ಎಲ್ಲರಿಗೂ ಹೇಳುತ್ತೇನೆ.

ಪೆನ್‌ಡ್ರೈವ್‌ನಿಂದಲೇ ಬೂಟ್ ಆಗದಿದ್ದರೆ ಡಿಸ್ಕಿನ ಬಗ್ಗೆ ಯೋಚಿಸುವ ಅಗತ್ಯವೇ ಇಲ್ಲ. ಇಳಿಸಿಕೊಂಡ ಐಎಸ್ಒ ಕಡತದ (ಇನ್‌ಸ್ಟಾಲರ್ ಇರುವ ಕಡತ) ಎಸ್ಎಚ್ಎ 256 ಮೊತ್ತವನ್ನು, ಅಂದರೆ ಕಡತ ಕೆಡದೆ ಬಂದಿದೆಯೇ ಎಂದು ತಿಳಿಸುವ ಗುರುತನ್ನು, ಮೂಲ ತಾಣದಲ್ಲಿ ಕೊಟ್ಟಿರುವುದರೊಂದಿಗೆ ಹೋಲಿಸಿ ನೋಡಿ, ಇನ್ನೊಂದು ಪೆನ್‌ಡ್ರೈವ್‌ಗೆ ಬರೆದು, ಯುಎಸ್‌ಬಿ 3ರ ನೀಲಿ ಕಿಂಡಿಯ ಬದಲು ಯುಎಸ್‌ಬಿ 2ರ ಕಿಂಡಿಯಲ್ಲಿ ಸಿಕ್ಕಿಸಿ ನೋಡಬೇಕು. ಹಳೆಯ ಫರ್ಮ್‌ವೇರ್ ಕೆಲವೊಮ್ಮೆ ಮೊದಲನೆಯದರಿಂದ ಬೂಟ್ ಮಾಡಲು ಒಪ್ಪುವುದಿಲ್ಲ. ಪ್ರೊಸೆಸರ್ 32 ಬಿಟ್ಟಿನದೋ 64 ಬಿಟ್ಟಿನದೋ ಎಂಬುದನ್ನೂ ಆಗಲೇ ತಿಳಿದುಕೊಳ್ಳಬೇಕು. ಉಬುಂಟು ತನ್ನ 17.10ನೆಯ ಆವೃತ್ತಿಯಿಂದ 32 ಬಿಟ್ಟಿನ ಡೆಸ್ಕ್‌ಟಾಪ್ ಐಎಸ್ಒ ಕೊಡುವುದನ್ನು ನಿಲ್ಲಿಸಿತು. ಬಹುಕಾಲ ಹಳೆಯ ಯಂತ್ರಗಳ ಕೈಹಿಡಿದಿದ್ದ ಡೆಬಿಯನ್ ಸಹ 2025ರ ಆಗಸ್ಟಿನಲ್ಲಿ ಬಂದ 13ನೆಯ ಆವೃತ್ತಿಯಲ್ಲಿ 32 ಬಿಟ್ಟಿನ ಪಿಸಿಗಳಿಗೆ ಇನ್‌ಸ್ಟಾಲರನ್ನೂ ಕರ್ನಲ್ಲನ್ನೂ ಕೊಟ್ಟಿಲ್ಲ. ಅಂಥ ಯಂತ್ರಕ್ಕೆ ಡೆಬಿಯನ್ 12 ಹಾಕಬಹುದು. 2013-14ರ ಸುಮಾರಿಗೆ ಬಂದ ಕೆಲವು ಆಟಮ್ ಲ್ಯಾಪ್‌ಟಾಪುಗಳಲ್ಲಿ ಪ್ರೊಸೆಸರ್ 64 ಬಿಟ್ಟಿನದಾಗಿದ್ದರೂ ಯುಇಎಫ್ಐ ಮಾತ್ರ 32 ಬಿಟ್ಟಿನದಾಗಿರುತ್ತದೆ. 32 ಬಿಟ್ಟಿನ ಯುಇಎಫ್ಐ ಬೂಟ್‌ಲೋಡರ್ ಇಲ್ಲದ ಪೆನ್‌ಡ್ರೈವನ್ನು ಅವು ಬೂಟ್ ಮೆನುವಿನಲ್ಲಿ ತೋರಿಸುವುದೇ ಇಲ್ಲ.

ನಾನು ಅತಿ ಹೆಚ್ಚು ಕಂಡಿರುವ ತೊಡಕು ಬಯೋಸ್ ಮತ್ತು ಯುಇಎಫ್ಐ ವಿಧಾನಗಳು ಬೆರಕೆಯಾಗುವುದರಿಂದ ಬರುವಂಥದು. 2010ರಿಂದ 2014ರವರೆಗಿನ ಬಹಳಷ್ಟು ಲ್ಯಾಪ್‌ಟಾಪುಗಳು ಎರಡು ವಿಧಾನಗಳಲ್ಲೂ ಬೂಟ್ ಆಗಬಲ್ಲವು, ತೊಂದರೆ ಹುಟ್ಟುವುದೂ ಅಲ್ಲಿಂದಲೇ. ಬೂಟ್ ಮೆನು ತೆರೆದರೆ ಒಂದೇ ಪೆನ್‌ಡ್ರೈವಿನ ಹೆಸರು ಎರಡು ಸಲ ಕಾಣುತ್ತದೆ. ಒಂದರ ಹಿಂದೆ ಯುಇಎಫ್ಐ ಎಂದಿರುತ್ತದೆ, ಇನ್ನೊಂದರ ಹಿಂದೆ ಏನೂ ಇರುವುದಿಲ್ಲ. ಯಾವುದನ್ನು ಆರಿಸುತ್ತೀರೋ ಆ ವಿಧಾನದಲ್ಲಿಯೇ ಇನ್‌ಸ್ಟಾಲರ್ ಬೂಟ್‌ಲೋಡರನ್ನು ಹಾಕುತ್ತದೆ. ಬಯೋಸ್ ವಿಧಾನದಲ್ಲಿ ಹಾಕಿದ್ದನ್ನು ಯುಇಎಫ್ಐ ಮಾತ್ರ ನೋಡುವಂತೆ ಹೊಂದಿಸಿದ ಫರ್ಮ್‌ವೇರ್ ಗುರುತಿಸುವುದಿಲ್ಲ, ಅದಕ್ಕೆ ವಿರುದ್ಧವಾದುದೂ ಅಷ್ಟೇ ನಿಜ. ಡಿಸ್ಕಿನಲ್ಲಿ ಎಲ್ಲವೂ ಸರಿಯಾಗಿ ಕುಳಿತಿದ್ದರೂ ಪರದೆಯ ಮೇಲೆ "ನೋ ಬೂಟಬಲ್ ಡಿವೈಸ್" ಎಂಬ ಸಾಲು ಬರುತ್ತದೆ.

ಈ ಎರಡು ವಿಧಾನಗಳು ಬೂಟ್‌ಲೋಡರನ್ನು ಇಡುವ ಜಾಗವೇ ಬೇರೆ. ಬಯೋಸ್ ಡಿಸ್ಕಿನ ಮೊದಲ 512 ಬೈಟುಗಳನ್ನು ಓದುತ್ತದೆ. ಅದರಲ್ಲಿ 446 ಬೈಟು ಪ್ರೋಗ್ರಾಮಿಗೆ, 64 ಬೈಟು ಪಾರ್ಟಿಶನ್ ಪಟ್ಟಿಗೆ, ಕೊನೆಯ 2 ಬೈಟು ಗುರುತಿಗೆ ಮೀಸಲು. ಗ್ರಬ್‌ನಂಥ ದೊಡ್ಡ ಪ್ರೋಗ್ರಾಮ್ ಅಷ್ಟು ಕಿರಿದಾದ ಜಾಗದಲ್ಲಿ ಹಿಡಿಯದ ಕಾರಣ ಅದರ ಮುಂದಿನ ಭಾಗ ಮೊದಲ ಪಾರ್ಟಿಶನ್ ಶುರುವಾಗುವ ಮುನ್ನ ಇರುವ ಖಾಲಿ ಜಾಗದಲ್ಲಿ ಕೂರುತ್ತದೆ. ಡಿಸ್ಕಿನಲ್ಲಿ ಜಿಪಿಟಿ ಎಂಬ ಹೊಸ ಬಗೆಯ ಪಾರ್ಟಿಶನ್ ಪಟ್ಟಿ ಇದ್ದು ಯಂತ್ರ ಬಯೋಸ್ ವಿಧಾನದಲ್ಲಿದ್ದರೆ ಆ ಖಾಲಿ ಜಾಗವನ್ನು ನಂಬುವಂತಿಲ್ಲ. 1 ಎಂಬಿಯ ಬಯೋಸ್ ಬೂಟ್ ಪಾರ್ಟಿಶನ್ ಒಂದನ್ನು ಬೇರೆಯಾಗಿ ಮಾಡಬೇಕು. ಹೊಸ ಎಸ್‌ಎಸ್‌ಡಿ ಹಾಕಿಸಿಕೊಂಡ ಹಳೆಯ ಯಂತ್ರಗಳಲ್ಲಿ ಇದನ್ನು ಮರೆತವರೇ ಹೆಚ್ಚು. ಯುಇಎಫ್ಐ ವಿಧಾನದಲ್ಲಾದರೋ ಬೂಟ್‌ಲೋಡರ್ ಎಂಬುದು ಎಫ್ಎಟಿ 32 ಮಾದರಿಯ ಇಎಫ್ಐ ಪಾರ್ಟಿಶನ್ನಿನಲ್ಲಿರುವ ಒಂದು ಸಾಮಾನ್ಯ ಕಡತ, ಅದರ ವಿಳಾಸವನ್ನು ಮದರ್‌ಬೋರ್ಡ್ ತನ್ನ ನೆನಪಿನಲ್ಲಿ ಬರೆದಿಟ್ಟುಕೊಳ್ಳುತ್ತದೆ.

ಈಗ ಯಾವ ವಿಧಾನದಲ್ಲಿದ್ದೇವೆ ಎಂದು ತಿಳಿಯಲು, ಇನ್‌ಸ್ಟಾಲ್ ಮಾಡದೆಯೇ ಲಿನಕ್ಸನ್ನು ಓಡಿಸುವ ಲೈವ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಸಿಸ್ ಫೋಲ್ಡರಿನೊಳಗಿನ ಫರ್ಮ್‌ವೇರ್ ಫೋಲ್ಡರಿನಲ್ಲಿ ಇಎಫ್ಐ ಎಂಬುದು ಇದೆಯೇ ಎಂದು ನೋಡಿದರೆ ಸಾಕು. ಇದ್ದರೆ ಯುಇಎಫ್ಐ, ಇಲ್ಲದಿದ್ದರೆ ಬಯೋಸ್. ವಿಂಡೋಸನ್ನೂ ಉಳಿಸಿಕೊಳ್ಳುವವರು ಅದು ಯಾವ ವಿಧಾನದಲ್ಲಿದೆಯೋ ಅದರಲ್ಲಿಯೇ ಲಿನಕ್ಸನ್ನೂ ಹಾಕಬೇಕು. ಬೇರೆ ಬೇರೆ ವಿಧಾನಗಳಲ್ಲಿ ಹಾಕಿದರೆ ಗ್ರಬ್ ಮೆನುವಿನಿಂದ ವಿಂಡೋಸಿಗೆ ಹೋಗಲಾಗುವುದಿಲ್ಲ. ಜೊತೆಗೆ ವಿಂಡೋಸಿನ ಫಾಸ್ಟ್ ಸ್ಟಾರ್ಟಪ್ಪನ್ನು ಮೊದಲೇ ನಿಲ್ಲಿಸಿರಬೇಕು, ಏಕೆಂದರೆ ಅದು ಪಾರ್ಟಿಶನ್ನನ್ನು ಪೂರ್ತಿ ಮುಚ್ಚದೆ ಅರೆನಿದ್ದೆಯಲ್ಲಿ ಬಿಟ್ಟಿರುತ್ತದೆ.

ಮುಲುಂಡಿನಲ್ಲಿ ನಮ್ಮ ನೆರೆಯಲ್ಲಿರುವ ಒಬ್ಬ ಹಿರಿಯರು ಪಾಲಿಕೆಯ ಕನ್ನಡ ಮಾಧ್ಯಮ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಹಳೆಯ ಪಾಠಟಿಪ್ಪಣಿಗಳನ್ನೆಲ್ಲ ಕನ್ನಡದಲ್ಲಿ ಟೈಪ್ ಮಾಡಿಡಬೇಕೆಂಬುದು ಅವರ ಆಸೆ. ಅವರ ಲ್ಯಾಪ್‌ಟಾಪಿನಲ್ಲಿ ಇನ್‌ಸ್ಟಾಲ್ ಯಾವ ದೂರೂ ಇಲ್ಲದೆ ಮುಗಿಯುತ್ತಿತ್ತು, ಮರುಪ್ರಾರಂಭಿಸಿದ ಕೂಡಲೇ ಬೂಟಬಲ್ ಡಿವೈಸ್ ಇಲ್ಲವೆಂಬ ಅದೇ ಸಾಲು ಕಾಣುತ್ತಿತ್ತು. ರಿಪೇರಿ ಅಂಗಡಿಯೊಂದರಲ್ಲಿ ಮದರ್‌ಬೋರ್ಡ್ ಬದಲಿಸಬೇಕೆಂದು ಹೇಳಿ ಕಳುಹಿಸಿದ್ದರು. ಲೈವ್ ಪೆನ್‌ಡ್ರೈವ್‌ನಲ್ಲಿ ಮದರ್‌ಬೋರ್ಡಿನ ನೆನಪಿನಲ್ಲಿರುವ ಬೂಟ್ ವಿಳಾಸಗಳನ್ನು ತೋರಿಸುವ ಇಎಫ್ಐಬೂಟ್‌ಎಂಜಿಆರ್ ಎಂಬ ಆದೇಶ ಕೊಟ್ಟು ನೋಡಿದಾಗ ಪಟ್ಟಿಯಲ್ಲಿ ಲಿನಕ್ಸಿನ ಹೆಸರೇ ಇರಲಿಲ್ಲ. ಕೈಯಾರೆ ಸೇರಿಸಿದರೆ ಆ ಕ್ಷಣಕ್ಕೆ ಪಟ್ಟಿಯಲ್ಲಿ ಕಾಣುತ್ತಿತ್ತು. ಯಂತ್ರವನ್ನು ಆಫ್ ಮಾಡಿ ಮತ್ತೆ ಆನ್ ಮಾಡಿದರೆ ಮಾಯವಾಗಿರುತ್ತಿತ್ತು. ಬೂಟ್‌ಲೋಡರಿನ ಕಡತ ಮಾತ್ರ ಇಎಫ್ಐ ಪಾರ್ಟಿಶನ್ನಿನಲ್ಲಿ ತನ್ನ ಜಾಗದಲ್ಲೇ ಇತ್ತು. ಅಂದರೆ ಆ ಫರ್ಮ್‌ವೇರ್ ಹೊಸ ವಿಳಾಸವನ್ನು ನೆನಪಿನಲ್ಲಿ ಇಟ್ಟುಕೊಳ್ಳುತ್ತಿರಲಿಲ್ಲ.

ಯುಇಎಫ್ಐ ನಿಯಮದಲ್ಲಿಯೇ ಇದಕ್ಕೊಂದು ದಾರಿ ಇದೆ. ನೆನಪಿನಲ್ಲಿ ಯಾವ ವಿಳಾಸವೂ ಇಲ್ಲದಿದ್ದಾಗ ಫರ್ಮ್‌ವೇರ್ ಇಎಫ್ಐ ಫೋಲ್ಡರಿನೊಳಗಿನ ಬೂಟ್ ಫೋಲ್ಡರಿನಲ್ಲಿ ಬೂಟ್‌ಎಕ್ಸ್64 ಎಂಬ ಕಡತವನ್ನು ಹುಡುಕಬೇಕು; ಪೆನ್‌ಡ್ರೈವುಗಳು ಬೂಟ್ ಆಗುವುದೂ ಈ ನಿಯಮದಿಂದಲೇ. ಆದ್ದರಿಂದ ಲೈವ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಡಿಸ್ಕಿನ ರೂಟ್ ಪಾರ್ಟಿಶನ್ನನ್ನೂ ಇಎಫ್ಐ ಪಾರ್ಟಿಶನ್ನನ್ನೂ ಮೌಂಟ್ ಮಾಡಿ, ದೇವ್, ಪ್ರಾಕ್ ಮತ್ತು ಸಿಸ್ ಫೋಲ್ಡರುಗಳನ್ನು ಅಲ್ಲಿಗೆ ಜೋಡಿಸಿ, ಸಿಎಚ್‌ರೂಟ್ ಆದೇಶದಿಂದ ಡಿಸ್ಕಿನಲ್ಲಿರುವ ಲಿನಕ್ಸಿನ ಒಳಹೊಕ್ಕು, ಗ್ರಬ್-ಇನ್‌ಸ್ಟಾಲ್ ಆದೇಶವನ್ನು ರಿಮೂವಬಲ್ ಎಂಬ ಆಯ್ಕೆಯೊಂದಿಗೆ ಕೊಟ್ಟೆ. ಆ ಆಯ್ಕೆ ಬೂಟ್‌ಲೋಡರನ್ನು ಈ ಸಾರ್ವತ್ರಿಕ ವಿಳಾಸದಲ್ಲಿಯೇ ಇಡುತ್ತದೆ. ಮರುಪ್ರಾರಂಭದಲ್ಲಿ ಗ್ರಬ್ ಮೆನು ಬಂತು, ಮದರ್‌ಬೋರ್ಡಿಗೆ ಯಾರೂ ಕೈ ಹಚ್ಚಬೇಕಾಗಲಿಲ್ಲ. ಡೆಬಿಯನ್ ಇನ್‌ಸ್ಟಾಲರಿನ ಎಕ್ಸ್‌ಪರ್ಟ್ ವಿಧಾನದಲ್ಲಿ ಬೂಟ್‌ಲೋಡರನ್ನು ಈ ವಿಳಾಸದಲ್ಲೂ ಇಡಬೇಕೇ ಎಂದು ನೇರವಾಗಿ ಕೇಳಲಾಗುತ್ತದೆ. ಹಳೆಯ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್ ಒಂದನ್ನೇ ಹಾಕುವವರು ಅಲ್ಲಿ ಹೌದು ಎಂದೇ ಉತ್ತರಿಸುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಆ ಮೇಷ್ಟ್ರು ಈಗ ಕಗಪ ವಿನ್ಯಾಸದಲ್ಲಿ ದಿನವೂ ಟೈಪ್ ಮಾಡುತ್ತಿದ್ದಾರೆ. ಆ ವಿನ್ಯಾಸ ಲಿನಕ್ಸಿನ ಕೀಲಿಮಣೆ ಪಟ್ಟಿಯಲ್ಲಿ ಮೊದಲೇ ಇರುವುದರಿಂದ ಬೇರೆ ಏನನ್ನೂ ಹಾಕಬೇಕಾಗಲಿಲ್ಲ.

ಬಯೋಸ್ ಯಂತ್ರಗಳಲ್ಲಿ "ಗ್ರಬ್ ರೆಸ್ಕ್ಯೂ" ಎಂಬ ಬೋಳು ಸಾಲು ಕಂಡರೆ ಹೆದರಬೇಕಾಗಿಲ್ಲ. ಗ್ರಬ್‌ನ ಮೊದಲ ತುಣುಕು ಓಡುತ್ತಿದೆ, ಉಳಿದ ತುಣುಕುಗಳಿರುವ ಪಾರ್ಟಿಶನ್ ಅದಕ್ಕೆ ಸಿಗುತ್ತಿಲ್ಲ ಎಂಬುದಷ್ಟೇ ಅದರ ಅರ್ಥ. ಪಾರ್ಟಿಶನ್ನುಗಳನ್ನು ಅಳಿಸಿದಾಗ ಅಥವಾ ಅವುಗಳ ಕ್ರಮ ಬದಲಾದಾಗ ಹೀಗಾಗುತ್ತದೆ. ಅಲ್ಲಿ ಎಲ್ಎಸ್ ಎಂದು ಕೊಟ್ಟರೆ ಅದಕ್ಕೆ ಕಾಣುವ ಪಾರ್ಟಿಶನ್ನುಗಳ ಪಟ್ಟಿ ಬರುತ್ತದೆ. ಬೂಟ್ ಫೋಲ್ಡರ್ ಯಾವುದರಲ್ಲಿದೆ ಎಂದು ಒಂದೊಂದಾಗಿ ನೋಡಿ, ರೂಟ್ ಮತ್ತು ಪ್ರಿಫಿಕ್ಸ್ ಎಂಬ ಎರಡು ಬೆಲೆಗಳನ್ನು ಅದಕ್ಕೆ ಹೊಂದಿಸಿ, ನಾರ್ಮಲ್ ಮಾಡ್ಯೂಲನ್ನು ತುಂಬಿಸಿ, ನಾರ್ಮಲ್ ಎಂಬ ಆದೇಶ ಕೊಟ್ಟರೆ ಮೆನು ಬರುತ್ತದೆ. ಹಾಗೆ ಒಳಗೆ ಹೋದ ಮೇಲೆ ಗ್ರಬ್ಬನ್ನು ಪಾರ್ಟಿಶನ್ನಿಗಲ್ಲದೆ ಇಡೀ ಡಿಸ್ಕಿಗೆ ಮತ್ತೆ ಬರೆದರೆ ಆ ಪಾಡು ತೀರುತ್ತದೆ.

ಮೆನು ಬಂದು, ಲಿನಕ್ಸನ್ನು ಆರಿಸಿದ ನಂತರ ಪರದೆ ಕಪ್ಪಾಗಿ ಉಳಿದರೆ ಸಂಶಯ ಗ್ರಾಫಿಕ್ಸ್ ಮೇಲೆ ಹೋಗಬೇಕು. ಹಳೆಯ ಎನ್‌ವಿಡಿಯಾ ಮತ್ತು ರೇಡಿಯಾನ್ ಚಿಪ್ಪುಗಳಿರುವ ಯಂತ್ರಗಳಲ್ಲಿ ಇದು ಸಾಮಾನ್ಯ. ಮೆನುವಿನಲ್ಲಿ ಇ ಕೀಲಿ ಒತ್ತಿದರೆ ಬೂಟ್ ಸಾಲುಗಳು ತೆರೆದುಕೊಳ್ಳುತ್ತವೆ. ಲಿನಕ್ಸ್ ಎಂದು ಶುರುವಾಗುವ ಸಾಲಿನ ಕೊನೆಯಲ್ಲಿರುವ ಕ್ವಯೆಟ್, ಸ್ಪ್ಲ್ಯಾಶ್ ಎಂಬ ಪದಗಳನ್ನು ತೆಗೆದು ಆ ಜಾಗದಲ್ಲಿ ನೋಮೋಡ್‌ಸೆಟ್ ಎಂದು ಬರೆದು ಎಫ್10 ಒತ್ತಬೇಕು. ಆ ಎರಡು ಪದಗಳನ್ನು ತೆಗೆದರೆ ಕರ್ನಲ್ ಹೇಳುವುದೆಲ್ಲ ಪರದೆಯ ಮೇಲೆ ಹರಿಯುತ್ತದೆ. ನೋಮೋಡ್‌ಸೆಟ್ ಹಾಕಿದರೆ ಕರ್ನಲ್ ಗ್ರಾಫಿಕ್ಸ್ ಡ್ರೈವರಿಗೆ ಹೋಗದೆ ಫರ್ಮ್‌ವೇರ್ ಕೊಟ್ಟ ಸರಳ ಪರದೆಯಲ್ಲೇ ಮುಂದುವರಿಯುತ್ತದೆ. ಈ ಬದಲಾವಣೆ ಒಂದು ಸಲಕ್ಕೆ ಮಾತ್ರ. ಒಳಹೊಕ್ಕ ಮೇಲೆ ಸರಿಯಾದ ಡ್ರೈವರನ್ನು ಹಾಕಿಕೊಳ್ಳಬೇಕೇ ಹೊರತು ನೋಮೋಡ್‌ಸೆಟ್ಟನ್ನೇ ಖಾಯಂ ಮಾಡಿಕೊಳ್ಳಬಾರದು, ಏಕೆಂದರೆ ಆಗ ವಿಡಿಯೊ ನಿಧಾನವಾಗುತ್ತದೆ, ಪರದೆಯ ಬೆಳಕನ್ನು ಹೆಚ್ಚು ಕಡಿಮೆ ಮಾಡಲೂ ಆಗದೆ ಹೋಗಬಹುದು.

ಇನಿಟ್‌ರಾಮ್‌ಎಫ್ಎಸ್ ಎಂದು ಬರೆದು ಕರ್ಸರ್ ಮಿನುಗುತ್ತ ನಿಂತಿದ್ದರೆ ಕರ್ನಲ್ ಬಂದಿದೆ, ರೂಟ್ ಪಾರ್ಟಿಶನ್ ಸಿಕ್ಕಿಲ್ಲ ಅಥವಾ ಸಿಕ್ಕರೂ ಕೆಟ್ಟಿದೆ ಎಂದರ್ಥ. ಅದರ ಮೇಲಿನ ಸಾಲುಗಳಲ್ಲಿ, ಪಾರ್ಟಿಶನ್ನನ್ನು ಪರೀಕ್ಷಿಸಿ ಸರಿಪಡಿಸುವ ಎಫ್‌ಎಸ್‌ಸಿಕೆ ನಡೆಸಿರೆಂದು ಯಂತ್ರವೇ ಹೇಳಿದ್ದರೆ ಅಲ್ಲಿಯೇ ನಡೆಸಬಹುದು. ಆದರೆ ಅದೇ ತೊಂದರೆ ಮರುಕಳಿಸಿದರೆ ಡಿಸ್ಕಿನ ಆಯುಷ್ಯವನ್ನೇ ನೋಡಬೇಕಾಗುತ್ತದೆ. ಸ್ಮಾರ್ಟ್‌ಸಿಟಿಎಲ್ ಆದೇಶ ಕೊಡುವ ಪಟ್ಟಿಯಲ್ಲಿ ರೀಅಲೊಕೇಟೆಡ್ (ಕೆಟ್ಟು ಬದಲಿಸಲಾದ) ಮತ್ತು ಪೆಂಡಿಂಗ್ (ಕೆಟ್ಟಿರುವ ಸಂಶಯವಿರುವ) ಸೆಕ್ಟರುಗಳ ಎಣಿಕೆ ಸೊನ್ನೆಗಿಂತ ಮೇಲಿದ್ದು ಏರುತ್ತಲೇ ಇದ್ದರೆ ಒಳಗಿನ ಕಡತಗಳನ್ನು ಮೊದಲು ಬೇರೆಡೆಗೆ ತೆಗೆದಿಟ್ಟು ಡಿಸ್ಕನ್ನು ಬದಲಿಸಿಬಿಡಬೇಕು. ಗ್ರ್ಯಾಂಟ್ ರೋಡಿನಲ್ಲಿ ಇಳಿದು ಲ್ಯಾಮಿಂಗ್ಟನ್ ರೋಡಿಗೆ ನಡೆದರೆ 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಸಿಗುತ್ತದೆ, ಹಳೆಯ ಲ್ಯಾಪ್‌ಟಾಪಿಗೆ ಮಾಡುವ ಖರ್ಚುಗಳಲ್ಲಿ ಅಷ್ಟು ಫಲ ಕೊಡುವ ಇನ್ನೊಂದು ಖರ್ಚನ್ನು ನಾನು ಕಂಡಿಲ್ಲ. ಇನ್‌ಸ್ಟಾಲರಿಗೆ ಡಿಸ್ಕೇ ಕಾಣದಿದ್ದರೆ ಮಾತ್ರ ಹೊಸದನ್ನು ಕೊಳ್ಳುವ ಮೊದಲು ಫರ್ಮ್‌ವೇರ್ ಸೆಟ್ಟಿಂಗ್‌ನಲ್ಲಿ ಸಾಟಾ ವಿಧಾನ ರೇಡ್ ಎಂದಿದೆಯೇ ನೋಡಿ. ಎಎಚ್‌ಸಿಐಗೆ ಬದಲಿಸಿದ ಕೂಡಲೇ ಡಿಸ್ಕ್ ಕಾಣಿಸುವುದುಂಟು. ವಿಂಡೋಸ್ ಉಳಿಸಿಕೊಂಡವರು ಹಾಗೆ ಬದಲಿಸುವ ಮುನ್ನ ವಿಂಡೋಸನ್ನು ಸೇಫ್ ಮೋಡ್‌ಗೆ ಸಿದ್ಧಪಡಿಸಿಕೊಳ್ಳಬೇಕು, ಇಲ್ಲವಾದರೆ ಅದು ಏಳುವುದಿಲ್ಲ.

ಮುಂಬಯಿಯ ಮಳೆಗಾಲದಲ್ಲಿ ಇನ್ನೊಂದು ಬಗೆಯ ದೂರು ಬರುತ್ತದೆ. ಇನ್‌ಸ್ಟಾಲ್ ಪ್ರತಿ ಸಲವೂ ಬೇರೆ ಬೇರೆ ಜಾಗದಲ್ಲಿ, ಬೇರೆ ಬೇರೆ ದೋಷ ತೋರಿಸಿ ನಿಲ್ಲುತ್ತದೆ. ದೋಷ ಒಂದೇ ಕಡೆ ನಿಲ್ಲದೆ ಅಲೆಯುತ್ತಿದ್ದರೆ ನಾನು ಮೊದಲು ನೋಡುವುದು ರ‍್ಯಾಮನ್ನು. ಬ್ಯಾಟರಿ ತೆಗೆದು, ರ‍್ಯಾಮ್ ಪಟ್ಟಿಯನ್ನು ಹೊರತೆಗೆದು, ತೇವದಿಂದ ಮಂಕಾದ ಅದರ ಚಿನ್ನದ ಬಣ್ಣದ ಅಂಚನ್ನು ಮೆತ್ತನೆಯ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿಯನ್ನು ಒರೆಸಿ ಮತ್ತೆ ಕೂರಿಸಿ, ರ‍್ಯಾಮನ್ನು ಪರೀಕ್ಷಿಸುವ ಮೆಮ್‌ಟೆಸ್ಟನ್ನು ರಾತ್ರಿಯಿಡೀ ಓಡಲು ಬಿಡುತ್ತೇನೆ. ಇದರ ಜೊತೆಗೆ ಮದರ್‌ಬೋರ್ಡಿನ ಸಿಆರ್ 2032 ಬ್ಯಾಟರಿಯನ್ನೂ ನೋಡಬೇಕು. ಅದು ಸತ್ತಿದ್ದರೆ ಗಡಿಯಾರ ಪ್ರತಿ ಸಲವೂ ಹಿಂದಕ್ಕೆ ಹೋಗುತ್ತದೆ, ಕೆಲವು ಯಂತ್ರಗಳಲ್ಲಿ ಬೂಟ್ ಸೆಟ್ಟಿಂಗುಗಳೂ ಅಳಿಸಿಹೋಗುತ್ತವೆ. ಗಡಿಯಾರ ಹಿಂದಿದ್ದರೆ ಅಪ್‌ಡೇಟುಗಳನ್ನು ಇಳಿಸಿಕೊಳ್ಳುವಾಗ ಕಡತ ಇನ್ನೂ ಜಾರಿಗೆ ಬಂದಿಲ್ಲವೆಂಬ ವಿಚಿತ್ರ ದೋಷ ಬರುತ್ತದೆ, ಅದನ್ನು ನೆಟ್‌ವರ್ಕಿನ ತೊಂದರೆ ಎಂದು ಎಣಿಸಿ ಸಮಯ ಕಳೆಯುವವರನ್ನು ನೋಡಿದ್ದೇನೆ.

ಸಹಿ ಇರುವ ಬೂಟ್ ಕಡತಗಳನ್ನು ಮಾತ್ರ ಓಡಲು ಬಿಡುವ ಸೆಕ್ಯೂರ್ ಬೂಟ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಉಬುಂಟು, ಡೆಬಿಯನ್, ಫೆಡೋರಾಗಳು ಮೈಕ್ರೋಸಾಫ್ಟ್ ಸಹಿ ಇರುವ ಶಿಮ್ ಎಂಬ ಕಡತದ ಮೂಲಕ ಅದರೊಂದಿಗೇ ಬೂಟ್ ಆಗುತ್ತವೆ. ಆದರೂ ಸಹಿ ಇಲ್ಲದ ವೈಫೈ ಅಥವಾ ಗ್ರಾಫಿಕ್ಸ್ ಡ್ರೈವರ್ ಬೇಕಾದ ಹಳೆಯ ಯಂತ್ರದಲ್ಲಿ ಸೆಕ್ಯೂರ್ ಬೂಟನ್ನು ಆಫ್ ಮಾಡಿಟ್ಟೇ ಕೆಲಸ ಶುರುಮಾಡುವುದು ಸುಲಭ.

ಎಲ್ಲ ಸರಿಹೋಗಿ ತಿಂಗಳುಗಟ್ಟಲೆ ನಡೆದ ಯಂತ್ರ ಒಂದು ಅಪ್‌ಡೇಟಿನ ಮರುದಿನ ಬೂಟ್ ಆಗದಿದ್ದರೆ ಗ್ರಬ್ ಮೆನುವಿನ ಅಡ್ವಾನ್ಸ್ಡ್ ಆಪ್ಷನ್ಸ್ ತೆರೆದು ಹಿಂದಿನ ಕರ್ನಲ್ಲನ್ನು ಆರಿಸಿ. ಅದು ಬೂಟ್ ಆದರೆ ಬೂಟ್ ಪಾರ್ಟಿಶನ್ ತುಂಬಿದೆಯೇ ಎಂದು ಡಿಎಫ್ ಆದೇಶದಿಂದ ನೋಡಬೇಕು. ಬೂಟಿಗೆ ಬೇರೆಯಾದ ಚಿಕ್ಕ ಪಾರ್ಟಿಶನ್ ಮಾಡಿಕೊಂಡಿದ್ದ ಹಳೆಯ ಇನ್‌ಸ್ಟಾಲುಗಳಲ್ಲಿ ಜಾಗ ಸಾಲದೆ ಹೊಸ ಕರ್ನಲ್ಲಿನ ಇನಿಟ್‌ರಾಮ್‌ಎಫ್ಎಸ್ ಅರ್ಧಕ್ಕೇ ನಿಂತಿರುತ್ತದೆ. ಹಳೆಯ ಕರ್ನಲ್‌ಗಳನ್ನು ಆಟೊರಿಮೂವ್ ಆದೇಶದಿಂದ ತೆಗೆದು, ಇನಿಟ್‌ರಾಮ್‌ಎಫ್ಎಸ್ಸನ್ನೂ ಗ್ರಬ್ ಪಟ್ಟಿಯನ್ನೂ ಮತ್ತೆ ಕಟ್ಟಿಸಿದರೆ ಹೊಸ ಕರ್ನಲ್ಲೂ ಬೂಟ್ ಆಗುತ್ತದೆ.