ಏನು ಮಾಡಬೇಕೆಂದು ತಿಳಿಯದ ರಾತ್ರಿ

ಅಪ್ಪನ ಶಸ್ತ್ರಚಿಕಿತ್ಸೆಗೆ ಒಪ್ಪಬೇಕೋ ಬೇಡವೋ ಎಂಬುದನ್ನು ಬೆಳಗಾಗುವುದರೊಳಗೆ ತಿಳಿಸಬೇಕಾಗಿರುವ ಈ ರಾತ್ರಿ, ಆಸ್ಪತ್ರೆಯಲ್ಲಿ ಕುಳಿತು ಬೈಬಲಿನ ಎರಡನೆಯ ಪೂರ್ವಕಾಲವೃತ್ತಾಂತ ಎಂಬ ಪುಸ್ತಕದ 20ನೆಯ ಅಧ್ಯಾಯವನ್ನು ಓದುತ್ತಿದ್ದೇನೆ. ಮೋವಾಬ್ಯರೂ ಅಮ್ಮೋನಿಯರೂ ದಂಡೆತ್ತಿ ಬಂದಾಗ ಯೆಹೂದ ರಾಜ್ಯದ ಅರಸನಾದ ಯೆಹೋಷಾಫಾಟನು ಹೆದರಿದನೆಂದು ಅಲ್ಲಿ ಮರೆಮಾಚದೆ ಬರೆದಿದೆ. ಏನು ಮಾಡಬೇಕೋ ನಮಗೆ ತಿಳಿಯದು, ನಮ್ಮ ಕಣ್ಣುಗಳು ನಿನ್ನ ಕಡೆಗೇ ಇವೆ ಎಂದು ಅವನು ನೆರೆದ ಜನರೆಲ್ಲರ ಎದುರಿಗೇ ದೇವರಲ್ಲಿ ಅರಿಕೆ ಮಾಡಿಕೊಂಡನು. ನನ್ನಲ್ಲಿಯೂ ಈಗ ಅಷ್ಟೇ ಪ್ರಾರ್ಥನೆ ಉಳಿದಿದೆ.

ಜ್ಞಾನವನ್ನು ಬೇಡುವವರಿಗೆ ದೇವರು ಹಂಗಿಸದೆ ಕೊಡುತ್ತಾನೆಂದು ಹೊಸ ಒಡಂಬಡಿಕೆಯ ತನ್ನ ಪತ್ರದಲ್ಲಿ ಯಾಕೋಬನು ಬರೆದಿದ್ದಾನೆ. ಆ ‘ಹಂಗಿಸದೆ’ ಎಂಬ ಮಾತೇ (ಇಷ್ಟು ವರ್ಷ ನಾನದನ್ನು ಗಮನಿಸಿರಲಿಲ್ಲ) ಇಂದು ನನಗೆ ಆಸರೆಯಾಯಿತು. ಉತ್ತರ ಇನ್ನೂ ಬಂದಿಲ್ಲ. ಆದರೂ ಯೇಸುವಿನ ಅಪೊಸ್ತಲನಾದ ಪೌಲನು ಸೆರೆಯಲ್ಲಿದ್ದುಕೊಂಡು ಫಿಲಿಪ್ಪಿ ಪಟ್ಟಣದ ವಿಶ್ವಾಸಿಗಳಿಗೆ ಬರೆದ, ಗ್ರಹಿಕೆಯನ್ನು ಮೀರುವ ಆ ಶಾಂತಿಯು ನನ್ನ ಹೃದಯಕ್ಕೆ ಕಾವಲು ನಿಂತಿದೆ. ಅಮ್ಮ ಪಕ್ಕದ ಬೆಂಚಿನ ಮೇಲೆ ನಿದ್ದೆಹೋಗಿದ್ದಾರೆ.