ಟೋ ಅಳೆಯುವ ಮೊದಲು ಕಾರನ್ನು ಸ್ವಲ್ಪ ಉರುಳಿಸಿ

ವೀಲ್ ಅಲೈನ್‌ಮೆಂಟ್ ನನ್ನ ದಿನನಿತ್ಯದ ಕೆಲಸ. ರೇಸ್ ಟ್ರ್ಯಾಕ್‌ಗೆ ಹೋಗುವವರು ಮನೆಯಲ್ಲೇ ದಾರ ಕಟ್ಟಿ ಟೋ (ಮೇಲಿನಿಂದ ನೋಡಿದಾಗ ಚಕ್ರದ ಮುಂಭಾಗ ಒಳಕ್ಕೋ ಹೊರಕ್ಕೋ ಎಷ್ಟು ತಿರುಗಿದೆ ಅನ್ನುವುದು) ಹೊಂದಿಸಿಕೊಂಡು, ಒಂದ್ಸಲ ನೋಡಿಬಿಡಿ ಅಂತ ಕಾರು ತರುತ್ತಾರೆ. ಅದಕ್ಕೆ ಟೈ ರಾಡ್ (ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ಸರಳು) ತಿರುಗಿಸುವುದನ್ನು ಎಲ್ಲರೂ ಸರಿಯಾಗೇ ಮಾಡಿರುತ್ತಾರೆ. ಎಡವಟ್ಟಾಗುವುದು ಅಳತೆಯಲ್ಲಿ.

ಜ್ಯಾಕ್‌ನಿಂದ ಇಳಿಸಿದ ಕಾರು ತಕ್ಷಣ ತನ್ನ ಎತ್ತರಕ್ಕೆ ಕೂರುವುದಿಲ್ಲ. ಟೈರ್ ನೆಲ ಕಚ್ಚಿಕೊಂಡಿರುತ್ತದೆ, ಚಕ್ರ ಪಕ್ಕಕ್ಕೆ ಸರಿಯಲು ಆಗದೆ ಸಸ್ಪೆನ್ಷನ್ ಪೂರ್ತಿ ಕೆಳಗಿಳಿಯದೆ ಸಿಕ್ಕಿಕೊಂಡಿರುತ್ತದೆ, ಆ ಹೊತ್ತಲ್ಲಿ ಎಷ್ಟು ಜೋಪಾನವಾಗಿ ಅಳೆದರೂ ಬರುವ ಲೆಕ್ಕ ತಪ್ಪೇ. ಒಂದೆರಡು ಮೀಟರ್ ಹಿಂದೆ ಮುಂದೆ ಉರುಳಿಸಿ, ಆಮೇಲೆ ಅಳೆಯಿರಿ. ಟೈರ್ ಗಾಳಿ ಸರಿಯಿರಲಿ, ಸ್ಟೀರಿಂಗ್ ನೇರ ಇರಲಿ, ಡ್ರೈವರ್ ಸೀಟಿನ ಮೇಲೆ ನಿಮ್ಮಷ್ಟೇ ತೂಕ ಇಡಿ.

ಇನ್ನು ದಾರ. ಹಬ್ (ಚಕ್ರದ ನಡುಭಾಗ) ಎತ್ತರಕ್ಕೆ ಕಾರಿನ ಎರಡೂ ಬದಿ ಉದ್ದಕ್ಕೆ ಕಟ್ಟುತ್ತೀರಿ, ಸರಿ. ಆದರೆ ಮುಂದಿನ ಹಬ್‌ನಿಂದ ದಾರಕ್ಕೆ ಇರುವ ಅಂತರವೇ ಹಿಂದಿನ ಹಬ್‌ಗೂ ಬರಬೇಕು ಅಂತ ಎಳೆಯಬೇಡಿ. ಎಷ್ಟೋ ಕಾರುಗಳಲ್ಲಿ ಮುಂದಿನ ಎರಡು ಚಕ್ರಗಳ ನಡುವಿನ ಅಗಲ ಒಂದು, ಹಿಂದಿನದು ಇನ್ನೊಂದು. ಹಬ್‌ನಿಂದ ದಾರಕ್ಕೆ ಇರುವ ಅಂತರದಲ್ಲಿ ಎಡ ಮುಂದಿನದಕ್ಕೆ ಬಲ ಮುಂದಿನದು ಸಮ, ಎಡ ಹಿಂದಿನದಕ್ಕೆ ಬಲ ಹಿಂದಿನದು ಸಮ, ಎರಡು ದಾರಗಳ ನಡುವಿನ ಅಗಲ ಮುಂದೂ ಹಿಂದೂ ಒಂದೇ. ಇಷ್ಟು ಬಂದರೆ ಸಾಕು.

ಆಮೇಲೆ ರಿಮ್‌ನ ಮುಂದಿನ ಅಂಚು, ಹಿಂದಿನ ಅಂಚು ಎರಡರಿಂದಲೂ ದಾರಕ್ಕೆ ಸ್ಟೀಲ್ ಸ್ಕೇಲ್ ಹಿಡಿಯಿರಿ. ಮುಂದಿನ ಅಂಚು ದಾರಕ್ಕೆ ಹತ್ತಿರ ಇದ್ದರೆ ಟೋ-ಔಟ್ (ಮುಂಭಾಗ ಹೊರಕ್ಕೆ), ದೂರ ಇದ್ದರೆ ಟೋ-ಇನ್ (ಒಳಕ್ಕೆ). ಅಂಚಿನಿಂದ ಅಂಚಿಗೆ 430 ಮಿಲಿಮೀಟರ್ ಇರುವ ರಿಮ್‌ನಲ್ಲಿ 1 ಮಿಲಿಮೀಟರ್ ವ್ಯತ್ಯಾಸ ಅಂದರೆ ಸುಮಾರು 0.13 ಡಿಗ್ರಿ. ಸ್ಕೇಲ್ ಸ್ವಲ್ಪ ಓರೆಯಾದರೂ ಇಷ್ಟು ತಪ್ಪಿಹೋಗುತ್ತದೆ, ಅದಕ್ಕೇ ಎರಡೆರಡು ಸಲ ನೋಡುವುದು.

ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವುದು) ಬದಲಿಸುವುದಿದ್ದರೆ ಅದನ್ನು ಮೊದಲು ಮುಗಿಸಿ, ಅದು ಕದಲಿದರೆ ಟೋ ಕೂಡ ಕದಲುತ್ತದೆ. ರಾಡ್ ತಿರುಗಿಸುವಾಗ ಸ್ಟೀರಿಂಗ್ ರ‍್ಯಾಕ್‌ನ ರಬ್ಬರ್ ಬೂಟ್ (ಕವಚ) ಮೇಲೆ ಕಣ್ಣಿಡಿ. ಅದರ ಸಣ್ಣ ಬಾಯಿ ರಾಡಿಗೆ ಅಂಟಿಕೊಂಡು ಜೊತೆಗೇ ತಿರುಚಿಕೊಳ್ಳುತ್ತದೆ, ಹಾಗೇ ಬಿಟ್ಟರೆ ಹರಿದು ನೀರು ಮಣ್ಣು ಒಳಗೆ ಹೋಗುತ್ತದೆ. ಕ್ಲಿಪ್ ಸಡಿಲಿಸಿ ಅಲ್ಲಿಗೆ ಚೂರು ಗ್ರೀಸ್ ಹಚ್ಚಿ. ಎರಡೂ ಬದಿ ಒಂದೇ ಅಳತೆಯಷ್ಟು ತಿರುಗಿಸಿ, ಇಲ್ಲದಿದ್ದರೆ ಸ್ಟೀರಿಂಗ್ ವೀಲ್ ಓರೆಯಾಗುತ್ತದೆ. ಲಾಕ್ ನಟ್ ಬಿಗಿ ಮಾಡಿದ ಮೇಲೆ ಮತ್ತೆ ಉರುಳಿಸಿ, ಮತ್ತೆ ಅಳೆಯಿರಿ. ಬಿಗಿ ಮಾಡುವಾಗಲೇ ಸರಿದುಬಿಡುವುದುಂಟು.

ಮುಂದಿನ ಚಕ್ರಗಳಿಗೆ ಚೂರು ಟೋ-ಔಟ್ ಕೊಟ್ಟರೆ ತಿರುವಿಗೆ ಕಾರು ಚುರುಕಾಗಿ ಇಳಿಯುತ್ತದೆ, ನಿಜ. ಆದರೆ ಅದೇ ಕಾರಲ್ಲಿ ದಿನಾ ಓಡಾಡುವವರು ಜಾಸ್ತಿ ಕೊಡಬೇಡಿ, ಟೈರ್‌ನ ಒಳಅಂಚು ಬೇಗ ಸವೆಯುತ್ತದೆ, ನೇರ ರಸ್ತೆಯಲ್ಲೂ ಕಾರು ಅತ್ತಿತ್ತ ಎಳೆಯುತ್ತದೆ. ಹಿಂದಿನ ಚಕ್ರಗಳಿಗೆ ಮಾತ್ರ, ತೀರಾ ಅನುಭವ ಇದ್ದವರನ್ನು ಬಿಟ್ಟು, ಯಾರೂ ಟೋ-ಔಟ್ ಕೊಡಬೇಡಿ ದಯವಿಟ್ಟು. ವೇಗದಲ್ಲಿ ಬ್ರೇಕ್ ಒತ್ತಿದಾಗ ಕಾರಿನ ಹಿಂಭಾಗ ಪಕ್ಕಕ್ಕೆ ಜಾರಲು ಅಷ್ಟೇ ಸಾಕು.